ಬೆಕ್ಕಿಗೆ ಇನ್ಸುಲಿನ್: ಮೊದಲು ಬಾಟಲಿಗೂ ಸಿರಿಂಜಿಗೂ ಜೋಡಿ ನೋಡಿ

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದವರು. ನಮ್ಮ ಗುಂಡನಿಗೆ 9 ವರ್ಷ, ಆಪರೇಷನ್ ಆದ ಗಂಡು ಬೆಕ್ಕು. 6 ಕೆ.ಜಿ. ಇದ್ದವನು ಎರಡೇ ತಿಂಗಳಲ್ಲಿ 5ಕ್ಕೆ ಇಳಿದಿದ್ದಾನೆ. ತಿನ್ನುವುದೇನೂ ಕಡಿಮೆಯಾಗಿಲ್ಲ, ನೀರು ಮಾತ್ರ ಬಟ್ಟಲುಗಟ್ಟಲೆ ಕುಡಿಯುತ್ತಾನೆ. ರಕ್ತದಲ್ಲಿ ಸಕ್ಕರೆ 412 ಬಂತು, ಮೂತ್ರದಲ್ಲೂ ಇದೆ. ಡಾಕ್ಟರು ಗ್ಲಾರ್ಜಿನ್ ಇನ್ಸುಲಿನ್ 1 ಯೂನಿಟ್ ದಿನಕ್ಕೆ ಎರಡು ಸಲ ಎಂದು ಬರೆದುಕೊಟ್ಟಿದ್ದಾರೆ. ನನ್ನ ಅಮ್ಮನಿಗೂ ಶುಗರ್ ಇದೆ, ಅವರು ಮಿಕ್ಸ್‌ಟಾರ್ಡ್ ತೆಗೆದುಕೊಳ್ಳುತ್ತಾರೆ. ಅದನ್ನೇ ಬೆಕ್ಕಿಗೂ ಕೊಡಬಹುದಾ? ಕೊಡಬಾರದು ಎಂದಾದರೆ ಅಮ್ಮನ ಕೆಂಪು ಮುಚ್ಚಳದ ಸಿರಿಂಜಿನಲ್ಲಾದರೂ ಗ್ಲಾರ್ಜಿನ್ ಕೊಡಬಹುದಲ್ಲವೇ? ಮಳೆಗಾಲದಲ್ಲಿ ಇಲ್ಲಿ ಕರೆಂಟು ಆಗಾಗ ಹೋಗುತ್ತದೆ, ಔಷಧ ಕೆಡುವುದಿಲ್ಲವೇ? ಅವನು ತಿನ್ನುವುದು ಬಂಗಡೆ, ತಾರ್ಲೆ, ಅನ್ನ. ಇಂಜೆಕ್ಷನ್ ಜೀವನಪೂರ್ತಿ ಕೊಡಬೇಕಾ? ಇನ್ನೂ ಶುರು ಮಾಡಿಲ್ಲ, ಕೈ ನಡುಗುತ್ತದೆ.

ಉತ್ತರ: ಶುರು ಮಾಡುವ ಮೊದಲೇ ಕೇಳಿದಿರಿ, ಬಹಳ ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಆ ಕೆಂಪು ಮುಚ್ಚಳ. ಮಿಕ್ಕ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಗ್ಲಾರ್ಜಿನ್ ಅನ್ನು ದಯವಿಟ್ಟು ಆ ಸಿರಿಂಜಿನಲ್ಲಿ ಎಳೆಯಬೇಡಿ.

ನಮ್ಮ ದೇಶದ ಮೆಡಿಕಲ್‌ಗಳಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಪಕ್ಕಪಕ್ಕದಲ್ಲೇ ಇರುತ್ತದೆ. ಒಂದರಲ್ಲಿ ಪ್ರತಿ ಮಿ.ಲೀ.ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ನಿಮ್ಮ ಅಮ್ಮನ ಸಿರಿಂಜು ಕೆಂಪು ಮುಚ್ಚಳದ್ದು ಅಂದಮೇಲೆ ಅವರದು 40ರ ಬಾಟಲಿಯೇ ಇರಬೇಕು, ಲೇಬಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ಗುಂಡನಿಗೆ ಬರೆದುಕೊಟ್ಟ ಗ್ಲಾರ್ಜಿನ್ ಸಾಮಾನ್ಯವಾಗಿ 100ರದ್ದು. ಸಿರಿಂಜಿನ ಮೇಲಿನ ಗೆರೆ ಯೂನಿಟ್ ಎಂದು ಹೇಳುತ್ತದಾದರೂ ಅದು ನಿಜವಾಗಿ ಅಳೆಯುವುದು ದ್ರವವನ್ನು. ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ‘1’ರ ಗೆರೆ ಎಂದರೆ 0.025 ಮಿ.ಲೀ. ಆ ಗೆರೆಯವರೆಗೆ 100ರ ಔಷಧ ತುಂಬಿದರೆ ಒಳಗೆ ಹೋಗುವುದು 1 ಯೂನಿಟ್ ಅಲ್ಲ, ಎರಡೂವರೆ. 5 ಕೆ.ಜಿ. ಬೆಕ್ಕಿಗೆ ಮೊದಲ ದಿನವೇ ಎರಡೂವರೆ ಪಟ್ಟು ಬಿದ್ದರೆ ಸಕ್ಕರೆ ಪಾತಾಳಕ್ಕಿಳಿದು ಫಿಟ್ಸ್ ಬರಬಹುದು, ಜೀವವೇ ಹೋಗಬಹುದು.

ತಿರುಗಾಮುರುಗಾ ಆದರೂ ಅಪಾಯವೇ. 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು ಬರುತ್ತದೆ. ನಾಳೆ ಅಮ್ಮನ ಸಿರಿಂಜು ಮುಗಿದಿದೆ ಎಂದು ಯಾರಾದರೂ ಬೆಕ್ಕಿನ ಕಿತ್ತಳೆ ಸಿರಿಂಜಿನಲ್ಲಿ ಅವರ 40ರ ಔಷಧ ಎಳೆದರು ಅಂದುಕೊಳ್ಳಿ. 20 ಯೂನಿಟ್ ಎಂದು ತುಂಬಿದ್ದು ಅಮ್ಮನ ಮೈಗೆ ಸೇರುವುದು 8 ಯೂನಿಟ್ ಮಾತ್ರ. ಅವರ ಶುಗರ್ ಏಕೆ ಏರಿತು ಎಂದು ಯಾರಿಗೂ ಹೊಳೆಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಎರಡೂ ಒಂದೇ ಡಬ್ಬಿಯಲ್ಲಿ ಬೇಡ. ಅಮ್ಮನದ್ದು ಒಂದು ಕೋಣೆಯಲ್ಲಿ, ಗುಂಡನದ್ದು ಇನ್ನೊಂದು ಕಡೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಬೆಕ್ಕು – 100 – ಕಿತ್ತಳೆ’ ಎಂದು ಬರೆದು ಅಂಟಿಸಿ. ಮೆಡಿಕಲ್‌ನವರು ಬೇರೆ ಬಣ್ಣ ಕೊಟ್ಟು "ಎಲ್ಲ ಒಂದೇ" ಅಂದರೂ ಒಪ್ಪಬೇಡಿ. ಲೆಕ್ಕ ಹಾಕಿ ಹೊಂದಿಸಿಕೊಳ್ಳಬಹುದು ಎನ್ನುವವರೂ ಇದ್ದಾರೆ. ಕಾಗದದ ಮೇಲೆ ಆ ಲೆಕ್ಕ ಸರಿಯೇ. ಆದರೆ ಮುಂಜಾನೆ ನಿದ್ದೆಗಣ್ಣಿನಲ್ಲಿ, ಕರೆಂಟಿಲ್ಲದ ರಾತ್ರಿ ಟಾರ್ಚ್ ಬೆಳಕಿನಲ್ಲಿ, ಮನೆಯ ಇನ್ನೊಬ್ಬರ ಕೈಯಲ್ಲಿ ಆ ಲೆಕ್ಕ ತಪ್ಪಿಯೇ ತಪ್ಪುತ್ತದೆ.

ಸಿರಿಂಜು ಕೊಳ್ಳುವಾಗ ಇನ್ನೊಂದು ಮಾತು. 100ರ ಸಿರಿಂಜುಗಳಲ್ಲಿ 1 ಮಿ.ಲೀ., ಅರ್ಧ ಮಿ.ಲೀ., 0.3 ಮಿ.ಲೀ. ಎಂದು ಗಾತ್ರಗಳಿವೆ. ಬೆಕ್ಕಿಗೆ 0.3 ಮಿ.ಲೀ.ಯದ್ದೇ ಬೇಕು, ಸಿಕ್ಕರೆ ಅರ್ಧ ಯೂನಿಟ್ ಗೆರೆ ಇರುವುದು. 1 ಮಿ.ಲೀ. ಸಿರಿಂಜಿನಲ್ಲಿ 1 ಯೂನಿಟ್ ಹಿಡಿಯುವುದು ಕಣ್ಣಂದಾಜಿನ ಕೆಲಸವಾಗಿಬಿಡುತ್ತದೆ. ಎಷ್ಟು ಸಣ್ಣ ಅಳತೆ ಎಂದರೆ, ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿ ನೀರು ಸುಮಾರು 0.05 ಮಿ.ಲೀ. ಇರುತ್ತದೆ. ಗುಂಡನ ಡೋಸು ಅದರ ಐದರಲ್ಲಿ ಒಂದು ಪಾಲು. ಸೂಜಿಯ ಬುಡದಲ್ಲಿ ಒಂದು ಸಣ್ಣ ಗಾಳಿಗುಳ್ಳೆ ನಿಂತರೂ ಸಾಕು, ಅರ್ಧ ಡೋಸು ಹೋದಂತೆ. ಚರ್ಮದ ಕೆಳಗೆ ಹೋದ ಗಾಳಿಯಿಂದ ಬೆಕ್ಕಿಗೆ ತೊಂದರೆ ಇಲ್ಲ. ಆದರೆ ಗಾಳಿ ಇದ್ದ ಜಾಗದಲ್ಲಿ ಔಷಧ ಇರುವುದಿಲ್ಲವಲ್ಲ. ಅದಕ್ಕೆ 4–5 ಯೂನಿಟ್‌ನಷ್ಟು ನಿಧಾನ ಎಳೆದು, ಸೂಜಿ ಮೇಲೆ ಮಾಡಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಗುಳ್ಳೆ ಹೊರಹಾಕಿ, ಆಮೇಲೆ 1ರ ಗೆರೆಗೆ ತನ್ನಿ. ಹೆಚ್ಚಾದದ್ದನ್ನು ಸಿಂಕಿಗೆ ಚೆಲ್ಲಿ, ಬಾಟಲಿಗೆ ವಾಪಸು ತಳ್ಳಬೇಡಿ.

ಈಗ ಮಿಕ್ಸ್‌ಟಾರ್ಡ್ ವಿಷಯ. ಅದು ಎರಡು ಇನ್ಸುಲಿನ್‌ಗಳ ಬೆರಕೆ. ಸಾಮಾನ್ಯವಾಗಿ ಸಿಗುವ 30/70ರಲ್ಲಿ 30 ಪಾಲು ಬೇಗ ಕೆಲಸ ಮಾಡುವುದು, 70 ಪಾಲು ಎನ್‌ಪಿಎಚ್ ಎನ್ನುವ ಮಧ್ಯಮ ಅವಧಿಯದು. ಹೊತ್ತು ಹೊತ್ತಿಗೆ ಊಟ ಮಾಡುವ ಮನುಷ್ಯರಿಗೆ ಅದು ಹೊಂದುತ್ತದೆ. ಬೆಕ್ಕಿನ ಮೈ ಇನ್ಸುಲಿನ್ನನ್ನು ನಮಗಿಂತ ಬೇಗ ಮುಗಿಸಿಬಿಡುತ್ತದೆ. ಎನ್‌ಪಿಎಚ್ ಅನೇಕ ಬೆಕ್ಕುಗಳಲ್ಲಿ 12 ಗಂಟೆ ಪೂರ್ತಿ ಬರುವುದೇ ಇಲ್ಲ. ಜೊತೆಗೆ ಆ 30 ಪಾಲು ಸಕ್ಕರೆಯನ್ನು ಒಮ್ಮೆಲೇ ಕೆಳಗೆಳೆಯುತ್ತದೆ. ಕೊಟ್ಟ ಕೆಲವು ಗಂಟೆಗೆ ತೀರಾ ಕಡಿಮೆ, ಮುಂದಿನ ಡೋಸಿನ ಹೊತ್ತಿಗೆ ಮತ್ತೆ 400. ಹೀಗೆ ದಿನಕ್ಕೆ ಎರಡು ಸಲ ಏರಿಳಿಯುವುದು ಅವನಿಗೆ ಒಳ್ಳೆಯದಲ್ಲ. ಇನ್ನೊಂದು, ಬೆಕ್ಕಿಗೆ ಚುಚ್ಚಿದ ಸೂಜಿ ಅಕಸ್ಮಾತ್ ಅಮ್ಮನ ಬಾಟಲಿಗೆ ಹೋಗುವ ಸಂದರ್ಭವೇ ಮನೆಯಲ್ಲಿ ಇರಬಾರದು. ಆದ್ದರಿಂದ ಮಿಕ್ಸ್‌ಟಾರ್ಡ್ ಬೇಡ. ಅಮ್ಮನ ಶುಗರ್ ಮಾತ್ರೆಗಳಿದ್ದರೆ ಅವೂ ಬೇಡ.

ನಿಮ್ಮ ಡಾಕ್ಟರು ಗ್ಲಾರ್ಜಿನ್ ಬರೆದದ್ದು ಸರಿಯಾದ ಆಯ್ಕೆ. ಬೆಕ್ಕಿಗೆಂದೇ ತಯಾರಾದ ಪ್ರೋಜಿಂಕ್ ಎಂಬ ಇನ್ಸುಲಿನ್ ಇದೆ, ನಾಯಿ ಬೆಕ್ಕು ಎರಡಕ್ಕೂ ಬಳಸುವ ಕ್ಯಾನಿನ್ಸುಲಿನ್ ಇದೆ. ಎರಡೂ 40ರ ಸಾಂದ್ರತೆಯವು. ಅವು ಮನುಷ್ಯರ ಔಷಧದಂಗಡಿಯಲ್ಲಿ ಸಿಗುವ ಸರಕಲ್ಲ. ಕಾರವಾರದಲ್ಲಿ ಕೂತು, ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆದಾಗಲೂ ತಪ್ಪದೆ ಸಿಗುವ ಔಷಧವೇ ನಮಗೆ ಒಳ್ಳೆಯ ಔಷಧ ಎನ್ನುವುದು ನನ್ನ ಅಭಿಪ್ರಾಯ. ಗ್ಲಾರ್ಜಿನ್ ಮನುಷ್ಯರಿಗೂ ಬಳಸುವುದರಿಂದ ಸಣ್ಣ ಊರಲ್ಲೂ ತರಿಸಿಕೊಡುತ್ತಾರೆ. ಲ್ಯಾಂಟಸ್, ಬೆಂಗಳೂರಿನ ಬಯೋಕಾನ್‌ನ ಬಾಸಲಾಗ್, ವೋಕ್‌ಹಾರ್ಟ್‌ನ ಗ್ಲಾರಿಟಸ್ ಎಲ್ಲವೂ ಗ್ಲಾರ್ಜಿನ್ನೇ. ಆದರೆ ಇವತ್ತು ಒಂದು, ಮುಂದಿನ ತಿಂಗಳು ಇನ್ನೊಂದು ಎಂದು ಬದಲಿಸುತ್ತಾ ಹೋಗಬೇಡಿ. ಟೂಜಿಯೋ ಎಂಬ ಹೆಸರಿನಲ್ಲಿ ಇದೇ ಗ್ಲಾರ್ಜಿನ್ ಮಿ.ಲೀ.ಗೆ 300 ಯೂನಿಟ್‌ನಂತೆ ಬರುತ್ತದೆ. "ಅದೇ ಔಷಧ, ಇದು ಹೊಸದು" ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಸಿರಿಂಜಿನಲ್ಲಿ ಎಳೆದರೆ ಮೂರು ಪಟ್ಟು ಆಗುತ್ತದೆ.

ಗ್ಲಾರ್ಜಿನ್ ನಿಧಾನವಾಗಿ ಕೆಲಸ ಮಾಡುವ ಬಗೆ ತಿಳಿದಿದ್ದರೆ ಅದನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವುದೂ ತಾನಾಗಿ ತಿಳಿಯುತ್ತದೆ. ಬಾಟಲಿಯೊಳಗೆ ಅದು ಆಮ್ಲೀಯ ದ್ರವ, ನೀರಿನಂತೆ ತಿಳಿ. ಚರ್ಮದ ಕೆಳಗೆ ಹೋದೊಡನೆ ಆಮ್ಲದ ಗುಣ ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಅಲ್ಲೇ ನಿಲ್ಲುತ್ತದೆ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಅಳೆಯಲು ಸುಲಭವಾಗಲಿ ಎಂದು ಅದಕ್ಕೆ ನೀರೋ ಸಲೈನೋ ಬೆರೆಸಿದರೆ, ಬೇರೆ ಇನ್ಸುಲಿನ್ ಜೊತೆ ಸೇರಿಸಿದರೆ ಅದರ ಗುಣವೇ ಹೋಯಿತು. ಅಮ್ಮನ ಬಾಟಲಿಯ ಹಾಗೆ ಇದನ್ನು ಅಂಗೈಯಲ್ಲಿ ಉರುಳಿಸಿ ಬೆರೆಸುವ ಅಗತ್ಯವೂ ಇಲ್ಲ. ಮಿಕ್ಸ್‌ಟಾರ್ಡ್ ಬೆಳ್ಳಗೆ ಇರಬೇಕಾದದ್ದು. ಗ್ಲಾರ್ಜಿನ್ ಮಬ್ಬಾದರೆ, ಒಳಗೆ ದಾರದಂತೆಯೋ ಚೂರಿನಂತೆಯೋ ಏನಾದರೂ ತೇಲಿದರೆ ಅದು ಕೆಟ್ಟಿದೆ, ಎಸೆಯಿರಿ.

3 ಮಿ.ಲೀ.ಯ ಕಾರ್ಟ್ರಿಜ್ (ಇನ್ಸುಲಿನ್ ಪೆನ್ನಿಗೆ ಹಾಕುವ ಸಣ್ಣ ಔಷಧದ ಕೊಳವೆ) ತೆಗೆದುಕೊಳ್ಳಿ, 10 ಮಿ.ಲೀ. ಬಾಟಲಿ ಬೇಡ. ಕಾರ್ಟ್ರಿಜ್‌ನಲ್ಲೇ 300 ಯೂನಿಟ್ ಇರುತ್ತದೆ, ಗುಳ್ಳೆ ತೆಗೆಯುವಾಗ ಚೆಲ್ಲುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದಿನಕ್ಕೆ 2ರಂತೆ 150 ದಿನಕ್ಕಾಗುವಷ್ಟು. ತೆರೆದ ಮೇಲೆ 28 ದಿನದೊಳಗೆ ಮುಗಿಸಿ ಎಂದು ಲೇಬಲ್ ಹೇಳುತ್ತದೆ. ಅದು ಹೊರಗಿಟ್ಟು ಬಳಸುವ ಮನುಷ್ಯರ ಲೆಕ್ಕ. ಫ್ರಿಜ್ಜಿನಲ್ಲೇ ಇಟ್ಟು, ಪ್ರತಿ ಸಲ ಹೊಸ ಸಿರಿಂಜಿನಿಂದ ಎಳೆಯುವುದಾದರೆ ಅದಕ್ಕಿಂತ ಹೆಚ್ಚು ದಿನ ಬಳಸಲು ಅನೇಕ ಪಶುವೈದ್ಯರು ಒಪ್ಪುತ್ತಾರೆ. ಎಷ್ಟು ದಿನ ಎನ್ನುವುದನ್ನು ನಿಮ್ಮ ಡಾಕ್ಟರಿಂದಲೇ ಕೇಳಿಕೊಳ್ಳಿ. ತೆರೆದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಚೆನ್ನಾಗಿ ಹಿಡಿತಕ್ಕೆ ಬಂದಿದ್ದ ಸಕ್ಕರೆ ಕಾರಣವಿಲ್ಲದೆ ಏರತೊಡಗಿದರೆ ಡೋಸು ಹೆಚ್ಚಿಸುವ ಮೊದಲು ಕಾರ್ಟ್ರಿಜ್ ಬದಲಿಸಿ ನೋಡಬೇಕು. ಪೆನ್ ಸುಲಭ ಎಂದು ಅಂಗಡಿಯವರು ಹೇಳಬಹುದು. ಸಾಮಾನ್ಯ ಪೆನ್ನುಗಳು 1 ಯೂನಿಟ್‌ನ ಹೆಜ್ಜೆಯಲ್ಲೇ ತಿರುಗುತ್ತವೆ, ನಾಳೆ ಅರ್ಧ ಅಥವಾ ಒಂದೂವರೆ ಬೇಕಾದರೆ ಆಗುವುದಿಲ್ಲ. ಮೇಲಾಗಿ ಪೆನ್ನಿನ ಗಿಡ್ಡ ಸೂಜಿ ರೋಮ ದಾಟಿ ಚರ್ಮದ ಕೆಳಗೆ ಸರಿಯಾಗಿ ಇಳಿಯುವುದು ಕಷ್ಟ. ಸಿರಿಂಜಿನಿಂದಲೇ ಎಳೆಯಿರಿ. ಒಳಗೆ ಗಾಳಿ ತುಂಬಬೇಡಿ, ಹಾಗೆ ಬಳಸಿದ ಕಾರ್ಟ್ರಿಜ್ಜನ್ನು ಮತ್ತೆ ಪೆನ್ನಿಗೆ ಹಾಕಬೇಡಿ.

ಕರೆಂಟಿನ ಚಿಂತೆಗೆ ಬರುತ್ತೇನೆ. ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಆದರೆ ಸ್ವಲ್ಪ ಹೊತ್ತಿನ ಬಿಸಿಗಿಂತ ಹೆಪ್ಪುಗಟ್ಟುವುದೇ ಅದಕ್ಕೆ ಹೆಚ್ಚು ಕೆಡುಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಂಡರೂ ಅದನ್ನು ಬಳಸಬಾರದು. ಹಳೆಯ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆ, ಹಿಂದಿನ ಗೋಡೆಗೆ ತಾಗುವ ಜಾಗ ಎರಡೂ ಬೇಡ. ನಡುವಿನ ತಟ್ಟೆಯಲ್ಲಿ, ಸ್ಟೀಲ್ ಡಬ್ಬಿಯೊಳಗೆ ಬಟ್ಟೆ ಸುತ್ತಿ ಇಡಿ. ಹುಬ್ಬಳ್ಳಿಯಿಂದಲೋ ಮಡಗಾಂವಿನಿಂದಲೋ ತರಿಸುವುದಾದರೆ ಹೇಳಿಕಳಿಸಿ: ಮೀನು ತರುವ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸಿನ ನಡುವೆ ಹೂತು ತರುವುದಲ್ಲ. ಐಸ್ ಕೆಳಗೆ, ಮೇಲೆ ದಪ್ಪ ಪೇಪರು ಅಥವಾ ಟವೆಲ್ಲು, ಅದರ ಮೇಲೆ ಔಷಧ. ಬಸ್ಸಿನಲ್ಲಿ ಇಂಜಿನ್ ಪಕ್ಕ, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬಾರದು.

ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಹೆದರಬೇಕಾಗಿಲ್ಲ. ಫ್ರಿಜ್ಜಿನ ಬಾಗಿಲು ತೆರೆಯದೆ ಇದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ. ಇಡೀ ದಿನ ಬರದಿದ್ದರೂ ಆ ದಿನಗಳಲ್ಲಿ ಮನೆಯೊಳಗಿನ ಶಾಖ 30 ಡಿಗ್ರಿ ದಾಟುವುದು ಕಡಿಮೆ. ತೆರೆದ ಗ್ಲಾರ್ಜಿನ್ನನ್ನು 30 ಡಿಗ್ರಿಯೊಳಗೆ ಹೊರಗಿಡಲು ತಯಾರಕರೇ ಅನುಮತಿ ಕೊಟ್ಟಿದ್ದಾರೆ, ಆ 28 ದಿನದ ಮಿತಿ ಅದಕ್ಕೇ. ನಿಜವಾಗಿ ಎಚ್ಚರ ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು ಅದರೊಳಗೆ ಇನ್ಸುಲಿನ್ ಇಡುವ ಪದ್ಧತಿ ಬಯಲುಸೀಮೆಯ ಒಣ ಹವೆಯಲ್ಲಿ ಬಹಳ ಚೆನ್ನಾಗಿ ನಡೆಯುತ್ತದೆ. ಮಡಕೆ ತಂಪಾಗುವುದು ನೀರು ಆವಿಯಾಗುವುದರಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ನಿಮ್ಮಲ್ಲಿ ಅದು ಒಂದೆರಡು ಡಿಗ್ರಿ ಇಳಿಸಿದರೆ ಹೆಚ್ಚು. ನೀರಿನಲ್ಲಿ ನೆನೆಸಿ ಬಳಸುವ ಕೂಲಿಂಗ್ ಚೀಲಗಳ ಕತೆಯೂ ಅಷ್ಟೇ. ಬೇಸಿಗೆಯಲ್ಲಿ ಕರೆಂಟು ದಿನಗಟ್ಟಲೆ ಹೋದರೆ ಇನ್ವರ್ಟರ್ ಇರುವ ನೆರೆಮನೆಯ ಫ್ರಿಜ್ಜೇ ವಾಸಿ. ಮತ್ತೆ, ತೆರೆಯದ ಒಂದು ಕಾರ್ಟ್ರಿಜ್ ಯಾವಾಗಲೂ ಮನೆಯಲ್ಲಿ ಇರಲಿ.

ಇಂಜೆಕ್ಷನ್ ಕೊಡುವ ಬಗೆ. ನಿಮ್ಮ ಕೈ ನಡುಗುವುದು ಸಹಜ. ಆದರೆ ಈ ಸೂಜಿ ಕೂದಲಿನಷ್ಟು ತೆಳು, ಬಹುತೇಕ ಬೆಕ್ಕುಗಳಿಗೆ ಕಿವಿಗೆ ಚುಚ್ಚಿ ರಕ್ತ ತೆಗೆಯುವುದಕ್ಕಿಂತ ಇದರಿಂದ ಕಿರಿಕಿರಿ ಕಡಿಮೆ. ಮೊದಲು ಖಾಲಿ ಸಿರಿಂಜು ಹಿಡಿದು ಮೂಸಂಬಿಯ ಮೇಲೆ ಅಭ್ಯಾಸ ಮಾಡಿ. ಗುಂಡನ ತಟ್ಟೆ ಇಡಿ. ಅವನು ತಿನ್ನತೊಡಗಲಿ. ತಿನ್ನುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೇ ಚುಚ್ಚಬೇಕು. ಎಡಗೈಯಿಂದ ಪಕ್ಕೆಯ ಅಥವಾ ಹೊಟ್ಟೆಯ ಬದಿಯ ಚರ್ಮವನ್ನು ಮೇಲೆತ್ತಿದರೆ ಡೇರೆಯ ಹಾಗೆ ಒಂದು ಪೊಳ್ಳಾಗುತ್ತದೆ. ರೋಮ ಬೇರ್ಪಡಿಸಿ ಚರ್ಮ ಕಾಣುವಂತೆ ಮಾಡಿಕೊಳ್ಳಿ, ಸೂಜಿಯ ಓರೆ ತುದಿ ಮೇಲ್ಮುಖವಾಗಿರಲಿ, ಆ ಪೊಳ್ಳಿನ ಬುಡಕ್ಕೆ ಒಂದೇ ಸಲಕ್ಕೆ ಚುಚ್ಚಿ ಒತ್ತಿ, ಒಂದೆರಡು ಕ್ಷಣ ತಡೆದು ಹೊರತೆಗೆಯಿರಿ. ಎತ್ತಿಕೊಳ್ಳುವ ಕತ್ತಿನ ಹಿಂದಿನ ಚರ್ಮ ಬೇಡ. ಅಲ್ಲಿ ರಕ್ತ ಓಡಾಟ ಕಡಿಮೆ, ಔಷಧ ಒಂದೊಂದು ದಿನ ಒಂದೊಂದು ರೀತಿ ಹೀರಿಕೊಳ್ಳುತ್ತದೆ. ದಿನಾ ಜಾಗ ಸ್ವಲ್ಪ ಸರಿಸುತ್ತಿರಿ, ಒಂದು ದಿನ ಎಡ ಪಕ್ಕೆ, ಇನ್ನೊಂದು ದಿನ ಬಲ. ಸ್ಪಿರಿಟ್ ಹಚ್ಚುವುದು ಬೇಕಿಲ್ಲ, ಆ ವಾಸನೆಗೇ ಬೆಕ್ಕು ಓಡಿಹೋಗುತ್ತದೆ.

ಚುಚ್ಚಿದ ಮೇಲೆ ಬೆರಳಿನಿಂದ ಅಲ್ಲಿ ಸವರಿ ನೋಡಿ. ರೋಮ ಒದ್ದೆಯಾಗಿದ್ದರೆ, ಬ್ಯಾಂಡೇಜಿನಂಥ ವಾಸನೆ ಬಂದರೆ ಸೂಜಿ ಇನ್ನೊಂದು ಬದಿಗೆ ತೂರಿ ಔಷಧ ಹೊರಗೆ ಬಿದ್ದಿದೆ. ಆಗಲೂ ಇನ್ನೊಂದು ಸಲ ಕೊಡಬೇಡಿ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಹೋಯಿತು ಎಂದು ಹೇಳುವವರಿಲ್ಲ. ಒಂದು ಡೋಸು ತಪ್ಪಿದರೆ ಬೆಕ್ಕು ಸ್ವಲ್ಪ ಹೆಚ್ಚು ನೀರು ಕುಡಿಯುತ್ತದೆ, ಅಷ್ಟೇ. ಎರಡು ಡೋಸು ಬಿದ್ದರೆ ಸಾಯಬಹುದು. "ನೀನು ಕೊಟ್ಟೆಯಾ, ನಾನು ಕೊಡಲಾ" ಎಂಬ ಅನುಮಾನ ಬಂದಾಗಲೂ ಇದೇ ಮಾತು, ಅನುಮಾನ ಇದ್ದರೆ ಕೊಡಬೇಡಿ. ಫ್ರಿಜ್ಜಿನ ಮೇಲೆ ಕ್ಯಾಲೆಂಡರ್ ತೂಗುಹಾಕಿ ಕೊಟ್ಟ ತಕ್ಷಣ ಗುರುತು ಹಾಕುವುದು ಈ ಗೊಂದಲಕ್ಕೆ ಸುಲಭದ ಔಷಧ. ಹೊತ್ತು 12 ಗಂಟೆಗೊಮ್ಮೆ ಇರಲಿ, ಬೆಳಿಗ್ಗೆ 7 ಮತ್ತು ಸಂಜೆ 7 ಎಂದಿಟ್ಟುಕೊಳ್ಳಿ. ಮದುವೆ ಮನೆಯಿಂದ ಬರುವುದು ಒಂದು ಗಂಟೆ ತಡವಾದರೆ ಅನಾಹುತವಿಲ್ಲ. ಅವನು ಊಟವೇ ಬೇಡವೆಂದರೆ, ವಾಂತಿ ಮಾಡಿದರೆ, ಡಾಕ್ಟರಿಗೆ ಫೋನ್ ಮಾಡದೆ ಪೂರ್ತಿ ಡೋಸು ಕೊಡಬೇಡಿ.

ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಮುಚ್ಚಳ ಬಿಗಿದು ಆಸ್ಪತ್ರೆಗೆ ಕೊಡಿ. ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಸಕ್ಕರೆ ತೀರಾ ಇಳಿದಾಗ ಏನಾಗುತ್ತದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ. ಬೆಕ್ಕು ತೂರಾಡುತ್ತದೆ, ಕರೆದರೆ ಶೂನ್ಯ ನೋಟ ನೋಡುತ್ತದೆ, ಒಮ್ಮೊಮ್ಮೆ ವಿಪರೀತ ಹಸಿವಿನಿಂದ ಕೂಗುತ್ತದೆ, ಮೈ ಅದುರುತ್ತದೆ, ಕೊನೆಗೆ ಫಿಟ್ಸ್. ಎಚ್ಚರವಿದ್ದು ತಿನ್ನುವಂತಿದ್ದರೆ ತಕ್ಷಣ ಊಟ ಕೊಡಿ. ತಿನ್ನದಿದ್ದರೆ ಒಂದು ಚಮಚ ಜೇನುತುಪ್ಪವನ್ನೋ ನೀರಿನಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನೋ ಬೆರಳಿನಲ್ಲಿ ತೆಗೆದುಕೊಂಡು ಒಸಡಿಗೆ ಸವರಿ. ಫಿಟ್ಸ್ ಬಂದಿರುವಾಗ ಬಾಯಿಗೆ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಹಲ್ಲುಗಳ ನಡುವೆ ಬೆರಳು ಇಡಬೇಡಿ. ಶಿರಸಿ ಕಡೆಯ ಮನೆಗಳಲ್ಲಿ ಜೋನಿಬೆಲ್ಲ ಕೈಗೆ ಸಿಗುವಂತಿರುತ್ತದೆ, ಬೇರೇನೂ ಇಲ್ಲದಿದ್ದರೆ ಅದೂ ಆದೀತು. ಆದರೆ ಬೆಲ್ಲದ ಸಕ್ಕರೆ ಕರುಳಿನಲ್ಲಿ ಒಡೆದ ಮೇಲೇ ರಕ್ತಕ್ಕೆ ಸೇರುವುದು, ಗ್ಲೂಕೋಸಿಗೆ ಆ ಕೆಲಸ ಇಲ್ಲ. ಚೇತರಿಸಿಕೊಂಡ ಎಂದು ಸುಮ್ಮನಾಗಬೇಡಿ. ಚುಚ್ಚಿದ ಇನ್ಸುಲಿನ್ ಇನ್ನೂ ಒಳಗಿದೆ, ಮತ್ತೆ ಇಳಿಯಬಹುದು. ಊಟ ತಿನ್ನಿಸಿ ಆಸ್ಪತ್ರೆಗೆ ಹೊರಡಿ.

ಇದರ ವಿರುದ್ಧ ದಿಕ್ಕಿನ ತುರ್ತು ಪರಿಸ್ಥಿತಿಯೂ ಒಂದಿದೆ. ಸಕ್ಕರೆ ಹೆಚ್ಚಿರುವ ಬೆಕ್ಕು ಊಟ ಬಿಟ್ಟು, ವಾಂತಿ ಮಾಡಿ, ಮೂಲೆ ಹಿಡಿದು ಮಲಗಿದರೆ ರಕ್ತದಲ್ಲಿ ಕೀಟೋನ್ (ಮೈಯ ಕೊಬ್ಬು ಒಡೆದಾಗ ಹುಟ್ಟುವ ಆಮ್ಲೀಯ ಅಂಶ) ಏರಿರಬಹುದು. ಅದು ಮನೆಯಲ್ಲಿ ಸುಧಾರಿಸುವಂಥದ್ದಲ್ಲ. ಬೆಳಗಾಗಲಿ ಎಂದು ಕಾಯದೆ ಡಾಕ್ಟರನ್ನು ಎಬ್ಬಿಸಿ.

ಆಹಾರದ ವಿಷಯದಲ್ಲಿ ನಿಮ್ಮ ಮನೆಯ ಬಂಗಡೆಗಿಂತ ಅದರ ಜೊತೆಗಿರುವ ಅನ್ನದ ಮೇಲೆ ನನಗೆ ಕಣ್ಣು. ಬೆಕ್ಕು ಹುಟ್ಟಾ ಮಾಂಸಾಹಾರಿ, ಪಿಷ್ಟ ಅದಕ್ಕೆ ಬೇಕಾದದ್ದೇ ಅಲ್ಲ. ಘಟ್ಟದ ಮೇಲಿನ ನಮ್ಮ ಕಡೆ ಹಾಲು ಅನ್ನ, ಮೊಸರನ್ನ ತಿಂದು ಬೆಳೆದ ಬೆಕ್ಕುಗಳಿವೆ, ಕರಾವಳಿಯಲ್ಲಿ ಮೀನು ಸಾರಿನಲ್ಲಿ ಕಲಸಿದ ಅನ್ನ. ಪೇಟೆಯಿಂದ ತರುವ ಬೆಕ್ಕಿನ ಒಣ ಆಹಾರದ ಕಾಳಿನಲ್ಲೂ ಪಿಷ್ಟ ಹೇರಳವಾಗಿರುತ್ತದೆ. ಅನ್ನ ಹೋಗಿ ಮೀನು, ಕೋಳಿ, ಮೊಟ್ಟೆ, ಅಥವಾ ಕ್ಯಾನ್–ಪೌಚ್‌ಗಳಲ್ಲಿ ಬರುವ ಮೆತ್ತನೆಯ ಆಹಾರ ಬಂದರೆ ಸಕ್ಕರೆ ಇಳಿಯುತ್ತದೆ. ಕೆಲವೊಮ್ಮೆ ಅಚ್ಚರಿಪಡುವಷ್ಟು ಬೇಗ ಇಳಿಯುತ್ತದೆ. ಅಪಾಯ ಇರುವುದೂ ಅಲ್ಲೇ. ಇನ್ಸುಲಿನ್ ಶುರುವಾದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಅನ್ನ ನಿಲ್ಲಿಸಿದರೆ ನಿನ್ನೆ ಸರಿಯಿದ್ದ ಡೋಸು ಇಂದು ಹೆಚ್ಚಾಗಿಬಿಡುತ್ತದೆ. ಡಾಕ್ಟರಿಗೆ ತಿಳಿಸಿ, ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ, ನಡುನಡುವೆ ಸಕ್ಕರೆ ನೋಡುತ್ತಾ ಬದಲಿಸಿ. ಉಪವಾಸ ಕೆಡವಿ ತೂಕ ಇಳಿಸುವುದು ಬೇಡವೇ ಬೇಡ, ದಪ್ಪ ಬೆಕ್ಕು ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಹತ್ತಿಕೊಳ್ಳುತ್ತದೆ.

ಬರೀ ಮೀನೂ ಪೂರ್ಣ ಆಹಾರವಲ್ಲ. ತಾರ್ಲೆಯಂಥ ಎಣ್ಣೆ ಮೀನನ್ನೇ ತಿಂಗಳುಗಟ್ಟಲೆ ಕೊಟ್ಟರೆ ಇ ಜೀವಸತ್ವದ ಕೊರತೆಯಾಗಬಹುದು, ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಅಂಶವಿರುತ್ತದೆ. ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಬೆಂದ ನೀರನ್ನೂ ಸೇರಿಸಿ ಕೊಡಿ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಆ ನೀರಿಗೆ ಇಳಿದಿರುತ್ತದೆ. ಮನೆ ಊಟವನ್ನೇ ನೆಚ್ಚುವುದಾದರೆ ಟಾರಿನ್, ಕ್ಯಾಲ್ಸಿಯಂ ಎಷ್ಟು ಸೇರಿಸಬೇಕೆಂದು ಬರೆಸಿಕೊಳ್ಳಿ. ಒಣಮೀನು ಬೇಡ.

ಡೋಸು ಸರಿಯಿದೆಯೇ ಎಂದು ತಿಳಿಯಲು ಆಸ್ಪತ್ರೆಯ ಒಂದೇ ರಕ್ತಪರೀಕ್ಷೆಯನ್ನು ನಂಬುವಂತಿಲ್ಲ. ಚೀಲದೊಳಗೆ ಕೂತು, ಆಟೋ ಸದ್ದು ಕೇಳಿ, ನಾಯಿಗಳ ನಡುವೆ ಕಾದ ಬೆಕ್ಕಿಗೆ ಹೆದರಿಕೆಯಿಂದಲೇ ಸಕ್ಕರೆ 300 ದಾಟಬಹುದು. ಗುಂಡನ ವಿಷಯದಲ್ಲಿ ತೂಕ ಇಳಿದಿದೆ, ನೀರಡಿಕೆ ಇದೆ, ಮೂತ್ರದಲ್ಲೂ ಸಕ್ಕರೆ ಇದೆ, ಆದ್ದರಿಂದ ಕಾಯಿಲೆ ಇರುವುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಹಿಂದಿನ ಒಂದೆರಡು ವಾರದ ಸರಾಸರಿ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸಲು ಅನುಕೂಲವಿದ್ದರೆ ಮಾಡಿಸಿ. ಇತ್ತೀಚೆಗೆ ತುರಿಕೆಗೋ ಬಾಯಿ ಹುಣ್ಣಿಗೋ ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತೇ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಬೆಕ್ಕುಗಳಲ್ಲಿ ಅದರಿಂದಲೂ ಸಕ್ಕರೆ ಕಾಯಿಲೆ ಬರುತ್ತದೆ.

ಮನೆಯಲ್ಲೇ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಅಮ್ಮನ ಗ್ಲುಕೋಮೀಟರ್ ಆಗುತ್ತದೆ, ಆದರೆ ಸೂಜಿ ಬೇರೆ ಇರಲಿ. ಕಿವಿಯನ್ನು ಬೆಚ್ಚಗಿನ ಬಟ್ಟೆಯಿಂದ ಅರ್ಧ ನಿಮಿಷ ಹಿಡಿದು, ಹೊರ ಅಂಚಿನ ಸಣ್ಣ ರಕ್ತನಾಳದ ಹತ್ತಿರ ಚುಚ್ಚಿದರೆ ಒಂದು ತೊಟ್ಟು ಸಿಗುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ಸಕ್ಕರೆಯನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಯಾವ ಮೀಟರ್ ಎಂದು ಡಾಕ್ಟರಿಗೆ ಹೇಳಿಬಿಡಿ, ಮಧ್ಯದಲ್ಲಿ ಬದಲಿಸಬೇಡಿ. ಕಡಿಮೆ ತೋರಿಸುವುದು ಇದರ ಗುಣ ಎಂದುಕೊಂಡು 60 ಬಂದಾಗ ನಿರ್ಲಕ್ಷಿಸುವುದೂ ಬೇಡ. ಡಾಕ್ಟರು ಹೇಳಿದ ದಿನ, ಬೆಳಗಿನ ಡೋಸಿನಿಂದ ಸಂಜೆಯ ಡೋಸಿನವರೆಗೆ ಎರಡು ಗಂಟೆಗೊಮ್ಮೆ ಅಳೆದು ಬರೆದಿಡಿ. ಅತಿ ಕೆಳಗೆ ಎಷ್ಟಕ್ಕೆ, ಯಾವ ಹೊತ್ತಿಗೆ ಇಳಿಯಿತು ಎನ್ನುವುದರ ಮೇಲೆಯೇ ಡೋಸು ನಿಲ್ಲುವುದು. ದಿನದ ಬಹುಭಾಗ 100ರಿಂದ 300ರ ನಡುವೆ ಇದ್ದು ಅವನು ಚಟುವಟಿಕೆಯಿಂದಿದ್ದರೆ ಮೊದಲ ತಿಂಗಳುಗಳಿಗೆ ಅದು ಒಳ್ಳೆಯ ಹಿಡಿತವೇ. 80ಕ್ಕಿಂತ ಇಳಿದರೆ ಡೋಸು ಕಡಿಮೆ ಮಾಡಬೇಕು, ಮುಂದಿನ ಚುಚ್ಚುವಿಕೆಗೆ ಮೊದಲೇ ಫೋನ್ ಮಾಡಿ. ಇವತ್ತು 350 ಬಂತು ಎಂದು ಇವತ್ತೇ ಏರಿಸುವುದು ಸರಿಯಲ್ಲ. ಗ್ಲಾರ್ಜಿನ್ ಒಂದು ಮಟ್ಟಕ್ಕೆ ಬಂದು ನಿಲ್ಲಲು ದಿನಗಳು ಬೇಕು, ಕನಿಷ್ಠ 5ರಿಂದ 7 ದಿನ ಒಂದೇ ಡೋಸಿನಲ್ಲಿಟ್ಟು ನೋಡಿ, ಬೇಕಾದರೆ ಅರ್ಧ ಯೂನಿಟ್ ಮಾತ್ರ ಸರಿಸುವುದು.

ನೀರಿನ ಲೆಕ್ಕವೂ ಇಡಿ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. 5 ಕೆ.ಜಿ. ಬೆಕ್ಕು ದಿನಕ್ಕೆ 250 ಮಿ.ಲೀ.ಗಿಂತ ಹೆಚ್ಚು ಕುಡಿದರೆ ಅದು ಅತಿ. ಔಷಧ ಹಿಡಿಯತೊಡಗಿದಾಗ ಮೊದಲು ಬದಲಾಗುವುದು ಈ ಲೆಕ್ಕವೇ, ಆಮೇಲೆ ತೂಕ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ನಡೆಯುತ್ತಿದ್ದಾನೆಯೇ ಎಂದು ಗಮನಿಸಿ. ಸಕ್ಕರೆಯಿಂದ ನರಕ್ಕೆ ಪೆಟ್ಟಾದಾಗ ಹಾಗಾಗುತ್ತದೆ, ಹಿಡಿತಕ್ಕೆ ಬಂದರೆ ತಿಂಗಳುಗಳಲ್ಲಿ ಸುಧಾರಿಸುವುದೂ ಇದೆ.

ಜೀವನಪೂರ್ತಿ ಕೊಡಬೇಕಾ ಎಂದು ಕೇಳಿದ್ದೀರಿ. ಬೆಕ್ಕುಗಳ ವಿಷಯದಲ್ಲಿ ಇದಕ್ಕೆ ‘ಹೌದು’ ಎಂದೇ ಹೇಳಬೇಕಾಗಿಲ್ಲ. ಅವುಗಳದ್ದು ಬಹುಮಟ್ಟಿಗೆ ನಮ್ಮಲ್ಲಿ ದೊಡ್ಡವರಿಗೆ ಬರುವ ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಹಾಗೆ. ಹೆಚ್ಚಿದ ಸಕ್ಕರೆಯೇ ಮೇದೋಜೀರಕ ಗ್ರಂಥಿಯನ್ನು ದಣಿಸುತ್ತದೆ, ಬೇಗ ಇಳಿಸಿದರೆ ಅದು ಚೇತರಿಸಿಕೊಳ್ಳುವ ಅವಕಾಶವಿದೆ. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 24 ಬೆಕ್ಕುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಷ್ಟ ಕಡಿಮೆ ಇರುವ ಆಹಾರದ ಜೊತೆ ಗ್ಲಾರ್ಜಿನ್ ಪಡೆದ 8ಕ್ಕೆ 8 ಬೆಕ್ಕುಗಳೂ ಇನ್ಸುಲಿನ್ ಇಲ್ಲದೆ ಇರುವ ಸ್ಥಿತಿಗೆ ಬಂದವು. ಬೇರೆ ಎರಡು ಇನ್ಸುಲಿನ್ ಪಡೆದ ಗುಂಪುಗಳಲ್ಲಿ 8ರಲ್ಲಿ 3 ಮತ್ತು 8ರಲ್ಲಿ 2. ಗುಂಪು ಚಿಕ್ಕದು, ಎಲ್ಲ ಬೆಕ್ಕುಗಳಲ್ಲೂ ಹೀಗೇ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಕಾಯಿಲೆ ಗೊತ್ತಾದ ಮೊದಲ ತಿಂಗಳುಗಳಲ್ಲೇ ಗಟ್ಟಿಯಾಗಿ ಹಿಡಿದ ಬೆಕ್ಕುಗಳಿಗೆ ಈ ಅವಕಾಶ ಹೆಚ್ಚು. ನಿಮ್ಮ ಗುಂಡ ಈಗ ಆ ಹಂತದಲ್ಲೇ ಇದ್ದಾನೆ, ಅದಕ್ಕೇ ಇನ್ನು ತಡಮಾಡಬೇಡಿ ಎನ್ನುತ್ತಿದ್ದೇನೆ. ಸರಿಯಾದ ಸಿರಿಂಜು ಸಿಕ್ಕ ದಿನವೇ, ಮೊದಲ ಡೋಸನ್ನು ಡಾಕ್ಟರ ಎದುರಿಗೇ ಕೊಟ್ಟು ಶುರು ಮಾಡಿ.

ಮುಂದೆ ಸಕ್ಕರೆ ಕಡಿಮೆಯಲ್ಲೇ ನಿಲ್ಲತೊಡಗಿದರೆ ಡಾಕ್ಟರು ಅರ್ಧರ್ಧ ಯೂನಿಟ್ ಇಳಿಸುತ್ತಾ ಬಂದು ಕೊನೆಗೆ ನಿಲ್ಲಿಸುತ್ತಾರೆ. ಚೆನ್ನಾಗಿದ್ದಾನೆ ಎಂದು ನೀವಾಗಿ ಒಂದೇ ಸಲಕ್ಕೆ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೂ ಅನ್ನ ವಾಪಸು ತಟ್ಟೆಗೆ ಬರುವುದು ಬೇಡ. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆಯಾದರೂ ಸಕ್ಕರೆ ನೋಡಿ, ಕೆಲವು ಬೆಕ್ಕುಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ನೀರಿನ ಬಟ್ಟಲು ಮತ್ತೆ ಬೇಗ ಬರಿದಾಗತೊಡಗಿದರೆ ವಾರದ ಪರೀಕ್ಷೆಗೆ ಕಾಯದೆ ಅವತ್ತೇ ಅಳೆದು ಡಾಕ್ಟರಿಗೆ ತಿಳಿಸಿ.